ಗ್ರಂಥಾಲಯಕ್ಕೊಂದು ಕೇಳುವ ಕೋಣೆ

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಸಮೀಪದ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ, ಸುಮಾರು ಒಂದು ವಾರದ ಅವಧಿಯಲ್ಲಿ, ತುಳುವಿನ ‘ಸಿರಿ’ ಮಹಾಕಾವ್ಯವನ್ನು ಆದ್ಯಂತವಾಗಿ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅವರೊಂದಿಗೆ ಅನ್ನೆಲಿ ಹಾಂಕೊ ಹಾಗೂ ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಆ ಗಾಯನವನ್ನು ದಾಖಲಿಸಿಕೊಂಡರು. ಲಿಪಿಗಿಳಿಸಿದಾಗ ಅದು 15,683 ಸಾಲುಗಳಾಯಿತು. ಅಂದರೆ ಹೆಚ್ಚುಕಡಿಮೆ ಗ್ರೀಕರ ‘ಇಲಿಯಡ್’ನಷ್ಟೇ ದೀರ್ಘ. 1998ರಲ್ಲಿ ಮೂಲ ತುಳು ಪಾಠವೂ ಇಂಗ್ಲಿಷ್ ಅನುವಾದವೂ ಅಧ್ಯಯನ ಸಂಪುಟವೂ ಹೆಲ್ಸಿಂಕಿಯಿಂದ ಪ್ರಕಟವಾದವು. ಮೌಖಿಕ ಮಹಾಕಾವ್ಯಗಳ ಕುರಿತು ಜಗತ್ತಿನ ಯಾವ ಮೂಲೆಯಲ್ಲಿ ಚರ್ಚೆ ನಡೆದರೂ ಇಂದು ಆ ಸಂಪುಟಗಳ ಪ್ರಸ್ತಾಪ ಬಂದೇ ಬರುತ್ತದೆ.

ಮಾಚಾರಿನ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಹಿರಿಯರು ಹಾಡಿದ ಈ ಕಾವ್ಯವನ್ನು ಅವರ ದನಿಯಲ್ಲೇ ಕೇಳಬೇಕೆಂದು ಬಯಸಿದರೆ ಎಲ್ಲಿಗೆ ಹೋಗಬೇಕು? ಮೊದಲು ಹೋಗಬೇಕಾದುದು ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯಕ್ಕೆ. ಆದರೆ ನಮ್ಮ ಸಾರ್ವಜನಿಕ ಗ್ರಂಥಾಲಯದ ಕಲ್ಪನೆಯಲ್ಲಿ ಕಣ್ಣಿಗೆ ಇರುವ ಸ್ಥಾನ ಕಿವಿಗೆ ಇಲ್ಲ. ಅಲ್ಲಿ ಪತ್ರಿಕೆಗಳನ್ನು ಹರಡಿದ ಮೇಜು, ಕಪಾಟುಗಳಲ್ಲಿ ಕಾದಂಬರಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ ಇರುತ್ತವೆ. ತುಳುನಾಡಿನ ಅತಿ ದೊಡ್ಡ ಕಾವ್ಯಕ್ಕೆ ಆ ಫಲಕದ ಕೆಳಗೆ ಜಾಗವಿಲ್ಲ.

ಅದೇ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ‘ಓಡಿ’ ಎಂಬ ಕೇಂದ್ರ ಗ್ರಂಥಾಲಯ ಬಾಗಿಲು ತೆರೆಯಿತು. ಮೇಲಿನ ಅಂತಸ್ತಿನಲ್ಲಿ ಪುಸ್ತಕಗಳಿವೆ. ಮಧ್ಯದ ಅಂತಸ್ತಿನಲ್ಲಿ ಧ್ವನಿಮುದ್ರಣದ ಕೊಠಡಿಗಳು, ಹೊಲಿಗೆ ಯಂತ್ರಗಳು, ಮೂರು ಆಯಾಮದ ಮುದ್ರಣ ಯಂತ್ರಗಳಿವೆ. ಊರಿನ ಯಾರು ಬೇಕಾದರೂ ಹೋಗಿ ಬಳಸಬಹುದು. ಫಿನ್ಲೆಂಡಿನ ಸಿರಿವಂತಿಕೆಯನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ತರಬೇಕೆಂದು ಯಾರೂ ಹೇಳಲಾರರು. ಆದರೆ ಗ್ರಂಥಾಲಯವೆಂದರೆ ಅಲ್ಲಿನ ಜನ ಏನನ್ನಾದರೂ ಮಾಡಬಹುದಾದ ಸ್ಥಳವೂ ಹೌದು ಎಂಬ ಅವರ ತಿಳಿವಳಿಕೆಗೆ ವಿಶೇಷ ಹಣವೇನೂ ಬೇಕಾಗುವುದಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದೊಂದು ಬಹುಮಾಧ್ಯಮ ಕೊಠಡಿಯನ್ನು ಸ್ಥಾಪಿಸಬೇಕೆಂಬುದು ನನ್ನ ವಾದ. ಬಹುಮಾಧ್ಯಮ ಎಂದೊಡನೆ ಸಾಲಾಗಿ ಜೋಡಿಸಿದ ಕಂಪ್ಯೂಟರುಗಳು, ಗೋಡೆಗೆ ತಗುಲಿಸಿದ ದೊಡ್ಡ ಪರದೆ, ಉದ್ಘಾಟನೆಗೆ ಬಂದ ಸಚಿವರ ಭಾವಚಿತ್ರ ಕಣ್ಣಮುಂದೆ ಬರುವುದು ಸಹಜ. ನಾನು ಹೇಳುತ್ತಿರುವುದು ಬೇರೆ. ಈ ನೆಲದ ದನಿ ಮತ್ತು ಬರಹಗಳನ್ನು ಕೇಳುವ, ನೋಡುವ, ಮುದ್ರಿಸಿಕೊಳ್ಳುವ, ಪ್ರತಿ ಮಾಡಿ ಕಾಪಾಡುವ ಕೊಠಡಿ ಅದಾಗಬೇಕು. ಉಳಿದ ಉಪಯೋಗಗಳು ಅದರ ಜೊತೆಯಲ್ಲಿ ತಾವಾಗಿಯೇ ಬರುತ್ತವೆ.

ಸರ್ಕಾರ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಮೊಬೈಲಿನಲ್ಲೇ ಪುಸ್ತಕ ಓದುವ ಅವಕಾಶ ದೊರೆಯಿತು. ಅದಕ್ಕೆ ಮುನ್ನ, 2019ರಲ್ಲಿ, ಗ್ರಾಮ ಪಂಚಾಯತ್ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಅನಂತರ ಅವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದವು, ಅನೇಕ ಕಡೆ ಕಂಪ್ಯೂಟರು, ಟಿ.ವಿ., ಅಂತರ್ಜಾಲ ಸಂಪರ್ಕ ಬಂದವು, ಗೋಡೆಗಳಿಗೆ ಬಣ್ಣ ಬಂತು. ಕರ್ನಾಟಕ ಕಳೆದ ಕೆಲವು ವರ್ಷಗಳಲ್ಲಿ ಮಾಡಿದ ಮೆಚ್ಚತಕ್ಕ ಕೆಲಸಗಳಲ್ಲಿ ಇದೂ ಒಂದು.

ಇದರಿಂದ ಒಂದು ವಿಚಿತ್ರ ಸ್ಥಿತಿಯೂ ಉಂಟಾಯಿತು. ಬಂಟ್ವಾಳ ಮತ್ತು ಮೂಡುಬಿದಿರೆ ಪುರಸಭೆಗಳು. ಬೆಳ್ತಂಗಡಿ ಪಟ್ಟಣ ಪಂಚಾಯತ್. ಈ ಊರುಗಳ ಶಾಖಾ ಗ್ರಂಥಾಲಯಗಳು ಹಳೆಯ ಇಲಾಖೆಯಲ್ಲೇ, ಜಿಲ್ಲಾ ಗ್ರಂಥಾಲಯ ಪ್ರಾಧಿಕಾರದ ಅಧೀನದಲ್ಲೇ ಉಳಿದವು. ಹಳ್ಳಿಗೆ ಹೊಸ ಯೋಜನೆ ತಲುಪಿತು, ಮಂಗಳೂರಿಗೆ ನಗರದ ಸೌಲಭ್ಯಗಳಿವೆ. ನಡುವಿನ ಸಣ್ಣ ಪಟ್ಟಣ ಯಾರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿಲ್ಲ. ಸುತ್ತಲಿನ ಹಳ್ಳಿಗಳ ಜನ ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ, ಸಂತೆಗೆ, ಕಾಲೇಜಿಗೆಂದು ನಿತ್ಯ ಬಂದು ಸೇರುವುದು ಮಾತ್ರ ಇದೇ ಸಣ್ಣ ಪಟ್ಟಣಗಳಿಗೆ.

ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವಾಗ ಇಂಥ ಕೊಠಡಿಯೇಕೆ ಎಂಬ ಪ್ರಶ್ನೆ ಬರುತ್ತದೆ. ಫೋನು ನೋಡುವುದಕ್ಕೆ ಒದಗಿದಷ್ಟು ಮಾಡುವುದಕ್ಕೆ ಒದಗುವುದಿಲ್ಲ. ಅಂಗೈಯಗಲದ ಪರದೆಯಲ್ಲಿ ಉದ್ಯೋಗದ ಅರ್ಜಿ ತುಂಬಲು ಹೆಣಗಾಡಿ ಕೊನೆಗೆ ಸೈಬರ್ ಅಂಗಡಿಗೆ ಹಣ ತೆತ್ತವರಿಗೆ ಇದು ಗೊತ್ತು. ಮೇಲಾಗಿ ಪಶ್ಚಿಮಘಟ್ಟದ ಬುಡದ ಊರುಗಳಲ್ಲಿ ಫೋನಿದ್ದರೂ ಸಂಕೇತ ಸಿಗುವುದಿಲ್ಲ. 2021ರ ಮಳೆಗಾಲದಲ್ಲಿ ಇದೇ ಜಿಲ್ಲೆಯ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಬಾಲಕಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೇ ನೋಡಿತು. ಆ ಚಿತ್ರವನ್ನು ತಂದೆಯ ಪ್ರೀತಿಯ ದ್ಯೋತಕವೆಂದು ಹೊಗಳಿದವರೇ ಹೆಚ್ಚು. ಆ ಮಗು ಕುಳಿತುಕೊಳ್ಳಬಹುದಾಗಿದ್ದ ಸಾರ್ವಜನಿಕ ಸೂರು ಎಲ್ಲಿ ಎಂದು ಕೇಳಿದವರು ಕಡಿಮೆ.

ಇನ್ನೊಂದು ಆಕ್ಷೇಪ, ಈ ಭಾಗಕ್ಕೆ ವಿದ್ಯಾಸಂಸ್ಥೆಗಳ ಕೊರತೆಯಿಲ್ಲವಲ್ಲ ಎಂಬುದು. ನಿಜ. ಉಜಿರೆ ಮತ್ತು ಮೂಡುಬಿದಿರೆಗಳ ಹೆಸರು ರಾಜ್ಯದಾದ್ಯಂತ ಗೊತ್ತಿರುವುದೇ ಅಲ್ಲಿನ ವಿದ್ಯಾಸಂಸ್ಥೆಗಳಿಂದ. ಅವುಗಳ ಗ್ರಂಥಾಲಯಗಳೂ ಪ್ರಯೋಗಾಲಯಗಳೂ ಚೆನ್ನಾಗಿಯೇ ಇರುತ್ತವೆ. ಆದರೆ ಯಾವ ಕಾಲೇಜಿನ ಗ್ರಂಥಾಲಯವೂ ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತದೆ; ಕೇಳುವುದು ತಪ್ಪೂ ಅಲ್ಲ. ಪದವಿ ಮುಗಿಸಿ ಮನೆಯಲ್ಲಿ ತಾಯಿಯೊಂದಿಗೆ ಬೀಡಿ ಕಟ್ಟುತ್ತ ಪರೀಕ್ಷೆಗೆ ಸಿದ್ಧಳಾಗುತ್ತಿರುವ ಯುವತಿ, ನಿವೃತ್ತ ಮೇಷ್ಟ್ರು, ಹಳೆಯ ಪ್ರಸಂಗದ ಹಸ್ತಪ್ರತಿ ಹಿಡಿದುಕೊಂಡು ಬಂದ ರೈತ ಇವರಾರ ಬಳಿಯೂ ಆ ಚೀಟಿ ಇರುವುದಿಲ್ಲ. ಖಾಸಗಿ ಸಂಸ್ಥೆಗಳು ಬಲಿಷ್ಠವಾಗಿರುವ ಊರಿನಲ್ಲಿ ಸಾರ್ವಜನಿಕ ಸಂಸ್ಥೆ ಬಡವಾಗಿಯೇ ಉಳಿದರೂ ಯಾರಿಗೂ ಕಾಣುವುದಿಲ್ಲ. ಕರಾವಳಿಯ ಶೈಕ್ಷಣಿಕ ಹಿರಿಮೆಯ ಮಾತನಾಡುವಾಗ ನಾವು ಮರೆಯುವ ಸಂಗತಿ ಇದು.

ಇಷ್ಟೆಲ್ಲ ಯಾವ ಪಟ್ಟಣಕ್ಕೂ ಹೇಳಬಹುದಾದ ಮಾತು. ಈ ಮೂರು ಊರುಗಳನ್ನೇ ಹೆಸರಿಸುವುದಕ್ಕೆ ಕಾರಣ ಅವು ತಮ್ಮೊಳಗೆ ಇಟ್ಟುಕೊಂಡಿರುವ ಸಂಪತ್ತು.

ಮೂಡುಬಿದಿರೆಯನ್ನೇ ನೋಡೋಣ. ಸಾವಿರ ಕಂಬದ ಬಸದಿಯನ್ನು ಕಾಣಲು ಬರುವ ಪ್ರವಾಸಿಗರಲ್ಲಿ ಬಹುಮಂದಿಗೆ ಆ ಊರು ಜೈನ ಆಗಮ ಸಾಹಿತ್ಯವನ್ನು ಉಳಿಸಿಕೊಟ್ಟ ಕಥೆ ತಿಳಿದಿರುವುದಿಲ್ಲ. ಧವಲ, ಜಯಧವಲ, ಮಹಾಧವಲಗಳೆಂಬ ಮಹಾಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳು ಉಳಿದಿದ್ದುದು ಅಲ್ಲಿನ ಬಸದಿಯಲ್ಲಿ ಮಾತ್ರ. ಪ್ರಾಕೃತ, ಸಂಸ್ಕೃತಗಳ ಆ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕೆ, ಪೂಜೆಗೆ ಮೀಸಲಾಗಿದ್ದವು. ದೂರದಿಂದ ಬಂದ ಯಾತ್ರಿಕರು ಕೈಮುಗಿದು ಹಿಂದಿರುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ವಿರೋಧ, ಅನುಮಾನಗಳ ನಡುವೆ ದಶಕಗಳ ಕಾಲ ಸಾಗಿತು. ಆ ಪ್ರತಿಗಳು ಹೊರಗೆ ಹೋದುದರಿಂದಲೇ 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಲು ಸಾಧ್ಯವಾಯಿತು. 1948ರಲ್ಲಿ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಈ ಭಾಗದ ಭಂಡಾರಗಳ ತಾಳೆಗರಿ ಗ್ರಂಥಗಳ ಸೂಚಿಯೊಂದನ್ನು ಸಿದ್ಧಪಡಿಸಿ ಪ್ರಕಟಿಸಿದರು. ಇಂದಿಗೂ ಅಲ್ಲಿನ ರಮಾರಾಣಿ ಜೈನ್ ಶೋಧ ಸಂಸ್ಥಾನದಲ್ಲಿ ತಾಳೆಗರಿಗಳ ದೊಡ್ಡ ಸಂಗ್ರಹವಿದೆ.

ಮಠದ ಭಂಡಾರವನ್ನು ಪುರಸಭೆಯ ಗ್ರಂಥಾಲಯಕ್ಕೆ ತರಬೇಕೆಂದು ಇಲ್ಲಿ ಸೂಚಿಸುತ್ತಿಲ್ಲ; ಅದು ಅದರ ಜಾಗದಲ್ಲೇ ಇರಬೇಕು. ಆದರೆ ಮನೆಮನೆಗಳಲ್ಲಿ, ಅಟ್ಟಗಳಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಗರಿಗಳ ಕಟ್ಟುಗಳೂ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕಗಳೂ ಭೂಮಿಯ ಹಳೆಯ ದಾಖಲೆಗಳೂ ಈ ಸೀಮೆಯಲ್ಲಿ ಅಪರೂಪವಲ್ಲ. ಅವುಗಳ ಒಡೆಯರು ಮೂಲವನ್ನು ಯಾರಿಗೂ ಕೊಡಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬೆಳಗ್ಗೆ ತಂದು, ಎದುರಿನಲ್ಲೇ ಚಿತ್ರ ತೆಗೆಸಿಕೊಂಡು, ಸಂಜೆ ಹಿಂದಕ್ಕೆ ಒಯ್ಯಬಹುದಾದ ನಂಬಿಕೆಯ ಸರ್ಕಾರಿ ಸ್ಥಳವೊಂದು ಊರಿನಲ್ಲೇ ಇರಬೇಕು, ಅಷ್ಟೆ. ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ‘ಜ್ಞಾನ ಭಾರತಂ’ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಘೋಷಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿ ಅದರದು. ದೆಹಲಿಯ ಯೋಜನೆ ಅಟ್ಟದ ಮೇಲಿನ ಕಟ್ಟಿನವರೆಗೆ ಬರಬೇಕಾದರೆ ನಡುವೆ ಇಂಥ ಒಂದು ಮೇಜು ಬೇಕಲ್ಲವೆ?

ಗರಿಗಾದರೂ ನೂರಾರು ವರ್ಷ ಆಯುಸ್ಸಿದೆ. ಕ್ಯಾಸೆಟ್ಟಿಗೆ ಅದಿಲ್ಲ. 1980 ಮತ್ತು 90ರ ದಶಕಗಳಲ್ಲಿ ಯಕ್ಷಗಾನ, ತಾಳಮದ್ದಳೆಗಳ ಧ್ವನಿಸುರುಳಿಗಳು ಕರಾವಳಿಯ ಮನೆಗಳಲ್ಲಿ ಪುಸ್ತಕಗಳಿಗಿಂತ ಹೆಚ್ಚಾಗಿದ್ದವು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿ ತರ್ಕ ಕಲಿತವರು, ಪುರಾಣ ಕಲಿತವರು, ಕನ್ನಡ ಗದ್ಯದ ಲಯ ಕಲಿತವರು ಎಷ್ಟೋ ಮಂದಿ. ಮಾರುಕಟ್ಟೆಗೆ ಬಂದ ಸುರುಳಿಗಳು ಹೇಗೋ ಅಂತರ್ಜಾಲ ಸೇರಿವೆ. ಮಾರುಕಟ್ಟೆಗೆ ಬಾರದವು, ಅಂದರೆ ಯಾವುದೋ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಅಂಗಣದಲ್ಲಿ ನಡೆದ ಕೂಟವನ್ನು ಅಭಿಮಾನಿಯೊಬ್ಬ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟವು, ಬೂಷ್ಟು ಹಿಡಿಯುತ್ತಿವೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರುವರಿಯಲ್ಲಿ ತೀರಿಕೊಂಡರು. ತೆಂಕುತಿಟ್ಟಿನ ಹಾಡುಗಾರಿಕೆಯ ಒಂದು ಹಳೆಯ ಕ್ರಮ ಅವರ ಕಂಠದಲ್ಲಿತ್ತು. ಅಂಥ ಭಾಗವತರ ಅರ್ಧ ಶತಮಾನದ ಆಟಗಳ ಖಾಸಗಿ ಮುದ್ರಿಕೆಗಳನ್ನೆಲ್ಲ ಒಂದೆಡೆ ಸೇರಿಸಿ, ದಿನಾಂಕ, ಸ್ಥಳ, ಪ್ರಸಂಗ, ಹಿಮ್ಮೇಳದವರ ಹೆಸರು ಬರೆದಿಡುವ ಹೊಣೆ ಯಾರದು? ಅಭಿಮಾನಿಗಳ ಉತ್ಸಾಹವನ್ನು ನೆಚ್ಚಿಕೊಂಡು ಸಮಾಜವೊಂದು ತನ್ನ ಸಂಗೀತದ ಇತಿಹಾಸವನ್ನು ಬಿಟ್ಟುಬಿಡುವಂತಿಲ್ಲ.

ಈ ಕೆಲಸದ ಲೆಕ್ಕ ಸರಳ. ಅರುವತ್ತು ನಿಮಿಷದ ಸುರುಳಿಯನ್ನು ಡಿಜಿಟಲ್ ರೂಪಕ್ಕೆ ತರಲು ಅರುವತ್ತು ನಿಮಿಷವೇ ಬೇಕು. ಇದರಲ್ಲಿ ಅವಸರ ಮಾಡಲು ಬರುವುದಿಲ್ಲ. ಸಂಗ್ರಹಾಲಯಗಳು ಒಪ್ಪುವ ಗುಣಮಟ್ಟದಲ್ಲಿ, ಕುಗ್ಗಿಸದೆ ಉಳಿಸಿದರೆ ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಬೇಕಾಗುತ್ತದೆ. ಐನೂರು ಸುರುಳಿಗಳಿಗೆ ಐನೂರು ಗಿಗಾಬೈಟ್. ಸಂಗ್ರಹದ ಪೆಟ್ಟಿಗೆ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ದುಡಿದರೆ 125 ದಿನಗಳ ಕೆಲಸ. ಯಂತ್ರ ಅಗ್ಗ, ಕುಳಿತು ಮಾಡುವವರ ಸಮಯ ತುಟ್ಟಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಮ್ಮ ಯೋಜನೆಗಳು ಎಡವುವುದು ಇಲ್ಲಿಯೇ.

2000ದ ದಶಕದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆಯಡಿ ಕಂಪ್ಯೂಟರುಗಳು ಬಂದುದು ಹಲವರಿಗೆ ನೆನಪಿರಬಹುದು. ಗುತ್ತಿಗೆಯ ಅವಧಿ ಮುಗಿದ ಮೇಲೆ ಅನೇಕ ಶಾಲೆಗಳಲ್ಲಿ ಯಂತ್ರಗಳು ಉಳಿದವು, ಕಲಿಸುವವರು ಉಳಿಯಲಿಲ್ಲ. ಮುಂದೆ ಯಂತ್ರಗಳೂ ಉಳಿಯಲಿಲ್ಲ. ಗ್ರಂಥಾಲಯದ ಬಹುಮಾಧ್ಯಮ ಕೊಠಡಿಗೂ ಅದೇ ಗತಿ ಬರಬಾರದಾದರೆ ಟೆಂಡರಿನಲ್ಲಿ ಮೊದಲ ಸಾಲು ಸಿಬ್ಬಂದಿಯದಾಗಬೇಕು. ಒಬ್ಬ ಖಾಯಂ ಸಹಾಯಕ, ಅವರಿಗೆ ಧ್ವನಿಮುದ್ರಣ, ಚಿತ್ರೀಕರಣ, ಸೂಚೀಕರಣಗಳಲ್ಲಿ ಕೆಲವು ತಿಂಗಳ ತರಬೇತಿ. ಗ್ರಂಥಪಾಲಕರೇ ಇದನ್ನೂ ನೋಡಿಕೊಳ್ಳಲಿ ಎಂದರೆ ಕೆಲಸವಾಗದು. ರಾಜ್ಯದ ಗ್ರಂಥಾಲಯಗಳಲ್ಲಿ ಬಹುಕಾಲ ಗೌರವಧನದ ಮೇಲೆ ದುಡಿದವರ ಸಂಖ್ಯೆ ದೊಡ್ಡದು, ಅವರ ಮೇಲೆ ಇನ್ನೊಂದು ಬೀಗದ ಕೈ ಹೊರಿಸಿದರೆ ಆ ಕೊಠಡಿ ಬೀಗ ಹಾಕಿಯೇ ಇರುತ್ತದೆ.

ಬೆಳ್ತಂಗಡಿ, ಬಂಟ್ವಾಳಗಳ ಮಾತಿಗೆ ಬಂದರೆ, ಅಲ್ಲಿ ಬರಹಕ್ಕಿಂತ ಬಾಯಿಮಾತಿನ ಸಂಪತ್ತು ಹಿರಿದು. ನೇಜಿ ನೆಡುವಾಗ ಹೆಂಗಸರು ಹೇಳುತ್ತಿದ್ದ ‘ಓಬೇಲೆ’ ಹಾಡುಗಳು, ಪಾಡ್ದನಗಳು ಗದ್ದೆಯೊಂದಿಗೆ ಕಟ್ಟಿಕೊಂಡಿದ್ದವು. ಗದ್ದೆಗಳು ಅಡಿಕೆ ತೋಟಗಳಾದಂತೆ ಹಾಡುವ ಸಂದರ್ಭವೇ ಇಲ್ಲವಾಯಿತು. ಹಾಡು ಬಲ್ಲವರು ಇನ್ನೂ ಇದ್ದಾರೆ, ಆದರೆ ಬಹುಪಾಲು ಎಪ್ಪತ್ತು ದಾಟಿದವರು. ಗೋಪಾಲ ನಾಯ್ಕರ ಪಾಲಿಗೆ ಫಿನ್ಲೆಂಡಿನಿಂದ ವಿದ್ವಾಂಸರು ಬಂದರು. ಎಲ್ಲರ ಪಾಲಿಗೂ ಬರುವುದಿಲ್ಲ. ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಸಣ್ಣ ಧ್ವನಿನಿರೋಧಕ ಕೋಣೆ, ಎರಡು ಒಳ್ಳೆಯ ಮೈಕು, ಹಳ್ಳಿಗೆ ಒಯ್ಯಬಹುದಾದ ಒಂದು ರೆಕಾರ್ಡರು ಇದ್ದರೆ ಅಜ್ಜಿಯ ಹಾಡನ್ನು ಮೊಮ್ಮಗಳೇ ಮುದ್ರಿಸಿಕೊಳ್ಳಬಲ್ಲಳು. ಪರಿಣತರಿಗಿಂತ ಅವಳೇ ಹೆಚ್ಚು ಯೋಗ್ಯಳೆಂದೂ ಹೇಳಬಹುದು, ಏಕೆಂದರೆ ಅಜ್ಜಿ ಅವಳೆದುರು ನಾಚುವುದಿಲ್ಲ.

ಇದರ ಅಗತ್ಯ ಈಗ ಇನ್ನಷ್ಟು ಹೆಚ್ಚಿದೆ. 2011ರ ಜನಗಣತಿಯ ಪ್ರಕಾರ ತುಳು ಮಾತೃಭಾಷೆಯವರು ಸುಮಾರು 18 ಲಕ್ಷ 46 ಸಾವಿರ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಆ ಭಾಷೆಗೆ ಸ್ಥಾನ ದೊರೆತಿಲ್ಲ. ಆದರೂ 2016ರಲ್ಲಿ ತುಳು ವಿಕಿಪೀಡಿಯ ಜೀವಂತವಾಯಿತು. 2024ರಲ್ಲಿ ಗೂಗಲ್ ಅನುವಾದದಲ್ಲಿ ತುಳು ಸೇರಿತು. ಅದೇ ವರ್ಷ ತುಳು-ತಿಗಳಾರಿ ಲಿಪಿ ಯುನಿಕೋಡಿನಲ್ಲಿ ಸ್ಥಾನ ಪಡೆಯಿತು. ಮುಂದಿನ ಹೆಜ್ಜೆ ಮಾತನ್ನು ಅರಿಯುವ ಯಂತ್ರಗಳದು. ಅವು ಕಲಿಯುವುದು ಮುದ್ರಿತ ದನಿಯಿಂದ. ಬಂಟ್ವಾಳದ ತುಳುವಿಗೂ ಕಾರ್ಕಳದ ತುಳುವಿಗೂ, ಒಂದು ಸಮುದಾಯದ ತುಳುವಿಗೂ ಇನ್ನೊಂದರದಕ್ಕೂ ಇರುವ ಭೇದಗಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡಗಳ ಸೊಗಸು ಅದರಲ್ಲಿ ಸೇರಬೇಕಾದರೆ ಸೇರಿಸುವವರು ಇಲ್ಲಿಯೇ ಇರಬೇಕು. ದೂರದ ಕಂಪನಿಯೊಂದು ಅಂತರ್ಜಾಲದಲ್ಲಿ ಸಿಕ್ಕಷ್ಟನ್ನು ಬಳಿದುಕೊಂಡು ಮಾಡಿದ ತುಳುವೇ ನಾಳೆ ನಮ್ಮ ಮಕ್ಕಳಿಗೆ ಪ್ರಮಾಣ ಭಾಷೆಯಾದರೆ ಯಾರನ್ನು ದೂರುವುದು?

ಬಂಟ್ವಾಳದಲ್ಲಿ ಒಂದು ಮಾದರಿ ಈಗಾಗಲೇ ಇದೆ. ಪ್ರೊ. ತುಕಾರಾಮ ಪೂಜಾರಿಯವರು ಅಲ್ಲಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮೂಲಕ ಕಟ್ಟಿದ ‘ತುಳು ಬದುಕು’ ವಸ್ತುಸಂಗ್ರಹಾಲಯ, ನೇಗಿಲು, ಕಳಸೆ, ಮರದ ಪಾತ್ರೆಗಳಿಂದ ಹಿಡಿದು ದಿನಬಳಕೆಯ ಸಾಮಾನುಗಳನ್ನೂ ಗ್ರಂಥಗಳನ್ನೂ ಒಳಗೊಂಡಿದೆ. ಸರ್ಕಾರ ಮಾಡಬೇಕಾದುದನ್ನು ಒಬ್ಬ ಅಧ್ಯಾಪಕರು ತಮ್ಮ ಹಟದಿಂದ ಮಾಡಿದರು. ಅಲ್ಲಿರುವ ವಸ್ತುಗಳ ಹೆಸರು, ಬಳಕೆ, ಅವುಗಳನ್ನು ಬಳಸಿದವರ ಮಾತು ಇವೆಲ್ಲ ಗ್ರಂಥಾಲಯದ ಕೊಠಡಿಯಲ್ಲಿ ಕೇಳಲು, ನೋಡಲು ಸಿಗುವಂತಾದರೆ ಎರಡಕ್ಕೂ ಲಾಭ. ಇದೇ ಬಂಟ್ವಾಳ 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ ಊರು. ಕನ್ನಡದ ಮಕ್ಕಳಿಗೆ ಹಾಡಿ ಕುಣಿಯುವ ಪದ್ಯಗಳನ್ನೂ ಹೇಳಿ ಕೇಳಿಸುವ ಕಥೆಗಳನ್ನೂ ಕೊಟ್ಟವರ ಊರಿನ ಗ್ರಂಥಾಲಯದಲ್ಲಿ ಮಕ್ಕಳು ಸದ್ದು ಮಾಡಬಾರದೆಂದರೆ ಹೇಗೆ? ಅಲ್ಲಿ ಅವರು ತಮ್ಮ ದನಿಯಲ್ಲಿ ಹಾಡಿ, ಮುದ್ರಿಸಿ, ಮತ್ತೆ ಕೇಳಿ ನಗುವ ಮೂಲೆಯೊಂದು ಇರಲಿ.

ಕಣ್ಣು ಕಾಣದವರ ವಿಷಯವನ್ನು ಇಲ್ಲಿ ಹೇಳದೆ ಹೋಗಲಾಗದು. ಅಂಧರಿಗೆ ಓದಲು ಸಿಗುವ ರೂಪದಲ್ಲಿ ಪುಸ್ತಕಗಳನ್ನು ಒದಗಿಸುವ ಮರಾಕೆಶ್ ಒಪ್ಪಂದ 2013ರಲ್ಲಿ ಆಯಿತು; ಅದನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಉಚಿತವಾಗಿಯೇ ಲಭ್ಯವಿದೆ. ಕಾನೂನು ಇದೆ, ತಂತ್ರಾಂಶ ಇದೆ. ಅವೆರಡೂ ಸಂಧಿಸುವ ಮೇಜು ತಾಲ್ಲೂಕಿನಲ್ಲಿ ಇಲ್ಲ.

ಹಣದ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಅಡಗಿದೆ. ಗ್ರಂಥಾಲಯ ಕಾನೂನು ಈ ಜಿಲ್ಲೆಗೆ ಹೊಸದಲ್ಲ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರ ಮದ್ರಾಸ್ ಕಾಯ್ದೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಾಯ್ದೆಯ ಹಿಂದಿದ್ದ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸುವ ಮೊದಲು, 1917ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದವರು. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಅವರು 1931ರಲ್ಲಿ ಮುಂದಿಟ್ಟ ಐದನೆಯ ಸೂತ್ರದ ತಾತ್ಪರ್ಯ. ನಮ್ಮ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ನಾವು ತೆರುತ್ತೇವೆ. ಅದರ ದರ ಶೇ 6. ಸ್ಥಳೀಯ ಸಂಸ್ಥೆ ಅದನ್ನು ಸಂಗ್ರಹಿಸಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನೂರಾರು ಕೋಟಿ ರೂಪಾಯಿ ಕರವನ್ನು ಬಾಕಿ ಉಳಿಸಿಕೊಂಡುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾದ ವಿಷಯ. ನಮ್ಮ ಪುರಸಭೆಗಳು ವರ್ಷಕ್ಕೆ ಎಷ್ಟು ಕರ ಸಂಗ್ರಹಿಸಿದವು, ಎಷ್ಟು ಒಪ್ಪಿಸಿದವು, ಅದರಲ್ಲಿ ಎಷ್ಟು ಅದೇ ಊರಿಗೆ ಹಿಂದಿರುಗಿತು ಎಂಬ ಮೂರು ಅಂಕಿಗಳನ್ನು ಗ್ರಂಥಾಲಯದ ಬಾಗಿಲಲ್ಲೇ ಬರೆದು ತೂಗುಹಾಕಲಿ. ಕೊಠಡಿಗೆ ಬೇಕಾದ ಯಂತ್ರಗಳ ವೆಚ್ಚ, ಕಟ್ಟಡ ಇದ್ದಲ್ಲಿ, ಒಂದು ಸಾಧಾರಣ ಕಾರಿನ ಬೆಲೆಯನ್ನು ಮೀರಲಾರದು. 1972ರಿಂದ ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದ ರಾಜ್ಯದ ಪಾಲಿಗೆ ಸರಿಹೊಂದುವ ಅನುದಾನವನ್ನೂ ಕೇಳಬಹುದು. ಪುಸ್ತಕ ಖರೀದಿಯ ಹಣವನ್ನು ಕಡಿದು ಇದಕ್ಕೆ ಕೊಡುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಮೊದಲಿಗೇ ವಿರೋಧಿಸಬೇಕು.

ದನಿ ಸಂಗ್ರಹದಲ್ಲಿ ಒಂದು ಸೂಕ್ಷ್ಮವಿದೆ. ಹಾಡಿದವರ ಒಪ್ಪಿಗೆಯಿಲ್ಲದೆ, ಅವರಿಗೆ ಸಂಭಾವನೆಯಿಲ್ಲದೆ ಮುದ್ರಿಸುವುದು ಕಳವಿಗೆ ಸಮ. ದೈವಾರಾಧನೆಗೆ ಸಂಬಂಧಿಸಿದ ನುಡಿಗಳನ್ನು ಎಲ್ಲಿ ಬೇಕಾದರೂ ಬಿತ್ತರಿಸುವಂತಿಲ್ಲ. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ದೈವದ ವೇಷ, ಆವೇಶಗಳ ಅನುಕರಣೆಯ ತುಣುಕುಗಳು ಫೋನುಗಳಲ್ಲಿ ಹರಿದಾಡಿ ಭಕ್ತರ ಮನಸ್ಸು ನೊಂದುದನ್ನು ಕಂಡಿದ್ದೇವೆ. ಯಾವುದು ಎಲ್ಲರಿಗೂ ಮುಕ್ತ, ಯಾವುದು ಕೋಣೆಯೊಳಗೆ ಮಾತ್ರ, ಯಾವುದನ್ನು ಕುಟುಂಬದವರ ಅನುಮತಿಯಿಂದ ಕೇಳಬೇಕು ಎಂಬುದನ್ನು ಹಾಡಿದವರೇ ನಿರ್ಧರಿಸಲಿ. ಯೂಟ್ಯೂಬಿಗೆ ಇಂಥ ಭೇದ ಗೊತ್ತಿಲ್ಲ, ಗ್ರಂಥಾಲಯಕ್ಕೆ ಗೊತ್ತಿರಬಲ್ಲದು. ಮುದ್ರಿತ ಕೃತಿಗಳ ಬಗ್ಗೆ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ: 2012ರ ಕೃತಿಸ್ವಾಮ್ಯ ತಿದ್ದುಪಡಿಯಂತೆ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಕೃತಿಯ ಡಿಜಿಟಲ್ ಪ್ರತಿಯನ್ನು ಸಂರಕ್ಷಣೆಗಾಗಿ ಇಟ್ಟುಕೊಳ್ಳಬಹುದು.

ಕೊನೆಗೆ ಹವಾಮಾನದ ಮಾತು. ಇದನ್ನು ಬೆಂಗಳೂರಿನಲ್ಲಿ ಕುಳಿತು ನಕ್ಷೆ ಬರೆಯುವವರು ಮರೆಯುತ್ತಾರೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದ ಬುಡದಲ್ಲಿ ಮುಂಗಾರಿಗೆ ಮೊದಲೂ ಅನಂತರವೂ ಬರುವ ಸಿಡಿಲಿಗೆ ಮೋಡೆಮ್ಮು, ಟಿ.ವಿ.ಗಳು ಸುಟ್ಟುಹೋಗುವುದು ಮನೆಮನೆಯ ಅನುಭವ. ಬಂಟ್ವಾಳ ಪೇಟೆ 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ಮಹಾಪೂರವನ್ನು ಕಂಡಿದೆ. ಆದ್ದರಿಂದ ಅಲ್ಲಿ ಈ ಕೊಠಡಿ ನೆಲದ ಅಂತಸ್ತಿನಲ್ಲಿ ಇರಕೂಡದು. ಬೆಳ್ತಂಗಡಿಯಲ್ಲಿ ಸಿಡಿಲು ನಿರೋಧಕವೂ ಸರಿಯಾದ ಭೂಸಂಪರ್ಕವೂ ಇಲ್ಲದೆ ಒಂದು ತಂತಿಯನ್ನೂ ಎಳೆಯಬಾರದು. ಮೂರೂ ಕಡೆ ತೇವ ಹೀರುವ ಯಂತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ನಿಲ್ಲದೆ ಓಡಬೇಕು, ಅದರ ವಿದ್ಯುತ್ ಬಿಲ್ಲನ್ನು ಯಾರು ಕಟ್ಟುತ್ತಾರೆಂಬುದನ್ನು ಆರಂಭದಲ್ಲೇ ಬರೆದಿಡಬೇಕು. ಪ್ರತಿಯೊಂದು ಮುದ್ರಿಕೆಯ ಎರಡನೆಯ ಪ್ರತಿ ಬೇರೊಂದು ಊರಿನಲ್ಲಿರಬೇಕು; ಬಂಟ್ವಾಳದ್ದು ಮೂಡುಬಿದಿರೆಯಲ್ಲಿ, ಮೂಡುಬಿದಿರೆಯದು ಬೆಳ್ತಂಗಡಿಯಲ್ಲಿ, ಬೆಳ್ತಂಗಡಿಯದು ಬಂಟ್ವಾಳದಲ್ಲಿ.

ಕೊಠಡಿ ಸಿದ್ಧವಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಈಗಿರುವ ಗ್ರಂಥಾಲಯಗಳಲ್ಲೇ ಒಂದು ನೋಂದಣಿ ಪುಸ್ತಕ ಇಟ್ಟು, ಯಾರ ಮನೆಯಲ್ಲಿ ಯಾವ ಸುರುಳಿ, ಯಾವ ಹಸ್ತಪ್ರತಿ ಇದೆ, ಯಾವ ಹಳ್ಳಿಯಲ್ಲಿ ಯಾರಿಗೆ ಯಾವ ಪಾಡ್ದನ ಬರುತ್ತದೆ ಎಂದು ಬರೆಸಿಕೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ, ಒಂದು ಪೆನ್ನು ಮತ್ತು ಪತ್ರಿಕೆಯಲ್ಲಿ ಒಂದು ಪ್ರಕಟಣೆ. ಮಳೆಗಾಲಕ್ಕೆ ಮೊದಲು ಆರಂಭಿಸಿದರೆ ಒಳ್ಳೆಯದು. ಸುರುಳಿಗಳಿಗೆ ಬೂಷ್ಟು ಹಿಡಿಯುವುದು ಜುಲೈಯಲ್ಲಿ.